ಲಿನಕ್ಸ್‌ಗೆ ಒಗ್ಗುವ ಲ್ಯಾಪ್‌ಟಾಪ್ ಯಾವುದು?

ಲ್ಯಾಪ್‌ಟಾಪಿನ ಗುಂಡಿ ಒತ್ತಿದ ಮೇಲೆ, ಲಾಗಿನ್ ಪರದೆ ಮೂಡುವ ಮೊದಲು, ಒಳಗೊಂದು ಸಣ್ಣ ವಿಚಾರಣೆ ನಡೆಯುತ್ತದೆ. ತಯಾರಕರು ಮದರ್‌ಬೋರ್ಡಿನಲ್ಲಿ ತುಂಬಿಸಿಟ್ಟಿರುವ ಫರ್ಮ್‌ವೇರ್, ಯಂತ್ರದ ಯಜಮಾನಿಕೆ ವಹಿಸಿಕೊಳ್ಳಲು ಬಂದ ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ: ನೀನು ವಿಂಡೋಸ್ 7? ವಿಂಡೋಸ್ 8? ವಿಂಡೋಸ್ 10? ಬಂದಿರುವುದು ಲಿನಕ್ಸ್ ಆಗಿದ್ದರೂ ಅದು ಎಲ್ಲದಕ್ಕೂ ‘ಹೌದು’ ಎನ್ನುತ್ತದೆ. ‘ನೀನು ಲಿನಕ್ಸಾ?’ ಎಂದು ನೇರವಾಗಿ ಕೇಳಿದರೆ ಮಾತ್ರ ‘ಅಲ್ಲ’ ಎಂದುಬಿಡುತ್ತದೆ. 2007ರಿಂದೀಚೆಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇದೇ ರೂಢಿ.

ಈ ಸುಳ್ಳಿಗೆ ಕಾರಣವಿದೆ. ಬ್ಯಾಟರಿ, ಫ್ಯಾನು, ಬೆಳಕಿನ ಮಟ್ಟ, ನಿದ್ರೆ ಇವನ್ನೆಲ್ಲ ಆಪರೇಟಿಂಗ್ ಸಿಸ್ಟಂ ಹೇಗೆ ನಿಭಾಯಿಸಬೇಕು ಎಂಬುದಕ್ಕೆ ಎಸಿಪಿಐ ಎಂಬ ಒಪ್ಪಿತ ನಿಯಮಾವಳಿ ಇದೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರ ಡಿಸೆಂಬರಿನಲ್ಲಿ ಹೊರತಂದದ್ದು. ನಿಯಮಾವಳಿ ಎಲ್ಲರಿಗೂ ಒಂದೇ. ಆದರೆ ಲ್ಯಾಪ್‌ಟಾಪ್ ತಯಾರಕರು ತಮ್ಮ ಫರ್ಮ್‌ವೇರ್ ಅನ್ನು ವಿಂಡೋಸ್ ಜೊತೆ ಓಡಿಸಿ ನೋಡಿ, ಅದು ಸರಿಯಾಗಿ ನಡೆದರೆ ಕೆಲಸ ಮುಗಿಯಿತೆಂದು ಪೆಟ್ಟಿಗೆಗೆ ತುಂಬುತ್ತಾರೆ. ‘ನಾನು ಲಿನಕ್ಸ್’ ಎಂದು ನಿಜ ಹೇಳಿದರೆ ಫರ್ಮ್‌ವೇರ್ ಯಾರೂ ಪರೀಕ್ಷಿಸದ ದಾರಿ ಹಿಡಿಯುತ್ತದೆ. ವಿಂಡೋಸ್ ಎಂದರೆ ಸವೆದ ದಾರಿ. ಹಾಗಾಗಿ ಲಿನಕ್ಸ್ ವೇಷ ಹಾಕುತ್ತದೆ.

ಇದರ ಹಿಂದೆ ಪಿತೂರಿ ಹುಡುಕುವವರಿಗೆ ಒಂದು ದಾಖಲೆಯೂ ಸಿಕ್ಕಿದೆ. ಎಸಿಪಿಐ ವಿಸ್ತರಣೆಗಳನ್ನು ಹೇಗಾದರೂ ವಿಂಡೋಸ್‌ಗಷ್ಟೇ ಹೊಂದುವಂತೆ ಮಾಡಬಹುದೇ ಎಂದು ಬಿಲ್ ಗೇಟ್ಸ್ 1999ರ ಜನವರಿಯಲ್ಲಿ ಸಹೋದ್ಯೋಗಿಗಳಿಗೆ ಬರೆದ ಇ-ಮೇಲ್, ಮುಂದೆ ಅಮೆರಿಕದ ಅಯೋವಾ ರಾಜ್ಯದ ಮೊಕದ್ದಮೆಯೊಂದರಲ್ಲಿ ಹೊರಬಂತು. ಆದರೆ ನನಗನ್ನಿಸುವಂತೆ ಲಿನಕ್ಸ್ ಬಳಕೆದಾರರ ಬಹುಪಾಲು ಕಷ್ಟಗಳಿಗೆ ಕಾರಣ ಅಷ್ಟು ರೋಚಕವಲ್ಲ. ಪರೀಕ್ಷಿಸಲು ಯಾರಿಗೂ ಪುರಸೊತ್ತಿಲ್ಲ, ದಾಖಲೆ ಕೊಡಲು ಯಾರಿಗೂ ಆಸಕ್ತಿಯಿಲ್ಲ. ಇಷ್ಟೇ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಈ ವಿಷಯ ಮನೆಮನೆಯ ಪ್ರಶ್ನೆಯಾಗಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ಅದಕ್ಕಿಂತ ಹಳೆಯ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಗಳು ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಎಂಬ ಲಿನಕ್ಸ್ ಹಂಚಿಕೆಗಳಲ್ಲಿ ಯಾವುದನ್ನಾದರೂ ಹಾಕಿದರೆ ಇವು ಮತ್ತೆ ಎದ್ದು ಕೂರುತ್ತವೆ ಎಂದು ಕೇಳಿದವರು ಮುಂದಿನ ಪ್ರಶ್ನೆ ಕೇಳುತ್ತಾರೆ: ನನ್ನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಾ? ಕಂಪನಿಯ ಹೆಸರನ್ನೂ ಹೇಳುತ್ತಾರೆ. ಆ ಹೆಸರಿನಿಂದ ಉತ್ತರ ಹೊರಡುವುದಿಲ್ಲ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಬೇರೆ ವೈಫೈ ಚಿಪ್‌ಗಳು ಇರಬಹುದು. ಕಾರ್ಖಾನೆಗೆ ಆ ತಿಂಗಳು ಯಾವುದು ಅಗ್ಗಕ್ಕೆ ಸಿಕ್ಕಿತೋ ಅದು. ಲಿನಕ್ಸ್ ಮುಚ್ಚಳದ ಮೇಲಿನ ಲಾಂಛನ ನೋಡುವುದಿಲ್ಲ, ಚಿಪ್‌ನ ಸಂಖ್ಯೆ ನೋಡುತ್ತದೆ.

ನಿಜಕ್ಕೂ ಸಂಖ್ಯೆಯನ್ನೇ. ಯಂತ್ರದೊಳಗಿನ ಪ್ರತಿ ಬಿಡಿಭಾಗವೂ ತಾನು ಯಾರು ಎಂದು ಎರಡು ಸಂಖ್ಯೆಗಳಲ್ಲಿ ಹೇಳುತ್ತದೆ: ಒಂದು ತಯಾರಕರದ್ದು, ಇನ್ನೊಂದು ಆ ಭಾಗದ್ದು. ಇಂಟೆಲ್ ತನ್ನ ಗುರುತಿಗೆ 8086 ಎಂಬ ಸಂಖ್ಯೆ ಇಟ್ಟುಕೊಂಡಿದೆ, 1978ರ ತನ್ನ ಪ್ರಸಿದ್ಧ ಪ್ರೊಸೆಸರಿನ ನೆನಪಿಗೆ. ಕರ್ನಲ್ ಈ ಜೋಡಿ ಸಂಖ್ಯೆಯನ್ನು ಓದಿ, ತನ್ನಲ್ಲಿರುವ ಡ್ರೈವರ್‌ಗಳಲ್ಲಿ ಯಾವುದು ಇದನ್ನು ಬಲ್ಲೆ ಎನ್ನುತ್ತದೋ ಅದನ್ನು ಎಬ್ಬಿಸುತ್ತದೆ. ಡ್ರೈವರ್ ಎಂದರೆ ಕರ್ನಲ್ ಮತ್ತು ಚಿಪ್ ನಡುವಿನ ದುಭಾಷಿ. ವಿಂಡೋಸ್ ಲೋಕದಲ್ಲಿ ಈ ದುಭಾಷಿಯನ್ನು ಹೆಚ್ಚಾಗಿ ಚಿಪ್ ತಯಾರಿಸಿದವರೇ ಬರೆದು ಕೊಡುತ್ತಾರೆ. ಲಿನಕ್ಸ್‌ನಲ್ಲಿ ಅದು ಕರ್ನಲ್‌ನ ಒಡಲಲ್ಲೇ ಇರುತ್ತದೆ. ಮೂರು ಕೋಟಿ ಸಾಲು ಮೀರಿದ ಆ ಕೋಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರ್‌ಗಳೇ. ಹೀಗಾಗಿ ಹತ್ತು ವರ್ಷದ ಹಿಂದಿನ ನೆಟ್‌ವರ್ಕ್ ಕಾರ್ಡನ್ನು ಚುಚ್ಚಿದರೆ ಸಿಡಿ ಹುಡುಕುವ ಗೊಡವೆಯಿಲ್ಲದೆ ಕೆಲಸ ಶುರುವಾಗುತ್ತದೆ. ಡ್ರೈವರ್ ಒಮ್ಮೆ ಕರ್ನಲ್ ಸೇರಿದರೆ, ಕಂಪನಿ ಬಾಗಿಲು ಹಾಕಿದ ಮೇಲೂ ಬದುಕಿರುತ್ತದೆ.

ಸೇರದಿದ್ದರೆ ಮಾತ್ರ ಕಷ್ಟ. ಅದರ ಪಾಠವನ್ನು ಲಿನಕ್ಸ್ ಬಳಗ ಕಲಿತದ್ದು ವೈಫೈ ಕಾಲದಲ್ಲಿ.

2003ರ ಮಾರ್ಚ್‌ನಲ್ಲಿ ಇಂಟೆಲ್ ಸೆಂಟ್ರಿನೊ ಹೆಸರಿನಲ್ಲಿ ವೈಫೈ ಸಹಿತ ಲ್ಯಾಪ್‌ಟಾಪ್‌ಗಳನ್ನು ಜನಪ್ರಿಯಗೊಳಿಸಿತು. ಅದರ ಮುಕ್ತ ಲಿನಕ್ಸ್ ಡ್ರೈವರ್ ಬಂದದ್ದು ಮರುವರ್ಷ. ಇಂಟೆಲ್ ತಡವಾಗಿಯಾದರೂ ಬಂತು. ಅದೇ ಕಾಲದ ಮತ್ತೊಂದು ದೊಡ್ಡ ತಯಾರಕ ಬ್ರಾಡ್‌ಕಾಮ್ ತನ್ನ ಚಿಪ್ ಹೇಗೆ ನಡೆಯುತ್ತದೆ ಎಂಬ ಕೈಪಿಡಿಯನ್ನೇ ಬಿಟ್ಟುಕೊಡಲಿಲ್ಲ. ಆಗ ಸ್ವಯಂಸೇವಕರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಮುಚ್ಚಿದ ಡ್ರೈವರನ್ನು ಬಿಡಿಸಿ, ಚಿಪ್‌ಗೆ ಯಾವಾಗ ಏನು ಹೇಳಬೇಕೆಂದು ವಿವರಣೆ ಬರೆಯಿತು. ಇನ್ನೊಂದು ಗುಂಪು ಆ ಡ್ರೈವರನ್ನು ಕಣ್ಣೆತ್ತಿಯೂ ನೋಡದೆ, ಕೇವಲ ಆ ವಿವರಣೆ ಓದಿ ಹೊಸದಾಗಿ ಡ್ರೈವರ್ ಬರೆಯಿತು. ನಕಲು ಮಾಡಿದರೆಂಬ ಆಪಾದನೆ ಬಾರದಿರಲಿ ಎಂದು ಈ ಮಡಿ. ಇಷ್ಟೆಲ್ಲ ಮಾಡಿದ ಮೇಲೂ ಒಂದು ತೊಡಕು ಉಳಿಯಿತು. ಚಿಪ್ ಓಡಬೇಕಾದರೆ ಅದರೊಳಕ್ಕೆ ತುಂಬಬೇಕಾದ ಫರ್ಮ್‌ವೇರ್ ಬೇಕು. ಅದನ್ನು ಹಂಚಲು ಕಂಪನಿಯ ಅನುಮತಿ ಇಲ್ಲ. ಹೀಗಾಗಿ ಬಳಕೆದಾರನೇ ಅಂತರ್ಜಾಲದಿಂದ ಕಂಪನಿಯ ಡ್ರೈವರ್ ಇಳಿಸಿಕೊಂಡು, ಅದರಿಂದ ಫರ್ಮ್‌ವೇರ್ ಕತ್ತರಿಸಿ ತೆಗೆದು ಹಾಕಿಕೊಳ್ಳಬೇಕಿತ್ತು. ಅಂತರ್ಜಾಲ ಬರಲು ವೈಫೈ ಬೇಕು, ವೈಫೈ ಬರಲು ಅಂತರ್ಜಾಲ ಬೇಕು! ವಿಂಡೋಸ್ ಎಕ್ಸ್‌ಪಿಯ ಡ್ರೈವರನ್ನೇ ಲಿನಕ್ಸ್ ಒಳಗೆ ಕೂರಿಸಿ ಓಡಿಸುವ ಎನ್‌ಡಿಐಎಸ್ ವ್ರ್ಯಾಪರ್ ಎಂಬ ಸಾಹಸವೂ ಆ ದಿನಗಳದ್ದು. ಬ್ರಾಡ್‌ಕಾಮ್ ಕೊನೆಗೆ ತನ್ನ ಕೆಲ ಚಿಪ್‌ಗಳಿಗೆ ಮುಕ್ತ ಡ್ರೈವರ್ ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ.

ಫರ್ಮ್‌ವೇರ್‌ನ ಜಗಳ ಅಲ್ಲಿಗೆ ಮುಗಿಯಲಿಲ್ಲ. ಸಂಪೂರ್ಣ ಮುಕ್ತ ತಂತ್ರಾಂಶವೇ ತನ್ನ ವ್ರತ ಎಂದ ಡೆಬಿಯನ್, ಮುಚ್ಚಿದ ಫರ್ಮ್‌ವೇರ್ ಕಡತಗಳನ್ನು ತನ್ನ ಅಧಿಕೃತ ಅನುಸ್ಥಾಪನಾ ಡಿಸ್ಕ್‌ನಿಂದ ಹೊರಗಿಟ್ಟಿತ್ತು. ತತ್ವ ಸರಿಯೇ. ಆದರೆ ಹೊಸಬರು ಆ ಡಿಸ್ಕ್ ಹಾಕಿ, ವೈಫೈ ಕಾಣದೆ, ಲಿನಕ್ಸೇ ಸರಿಯಿಲ್ಲವೆಂದು ಹಿಂದಿರುಗುತ್ತಿದ್ದರು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಫರ್ಮ್‌ವೇರ್ ಸೇರಿಸಲು ಒಪ್ಪಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಅದರ ಫಲ. ವ್ರತ ಸಡಿಲವಾಯಿತೆಂದು ಮುನಿದವರುಂಟು. ನನಗಂತೂ ಅದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಫರ್ಮ್‌ವೇರ್ ಇಲ್ಲದ ಚಿಪ್ ಬಳಕೆದಾರನ ಸ್ವಾತಂತ್ರ್ಯವನ್ನೇನೂ ಕಾಯುವುದಿಲ್ಲ, ಸುಮ್ಮನೆ ಕೂತಿರುತ್ತದೆ.

ಇವತ್ತು ವೈಫೈ ವಿಷಯದಲ್ಲಿ ಹೇಳಬಹುದಾದ್ದು ಇಷ್ಟು. ಇಂಟೆಲ್ ಚಿಪ್ ಇದ್ದರೆ ನಿಶ್ಚಿಂತೆ. ರಿಯಲ್‌ಟೆಕ್, ಮೀಡಿಯಾಟೆಕ್ ಆದರೆ ಕರ್ನಲ್ ಹೊಸದಿರಲಿ. ಹಳೆಯ ಬ್ರಾಡ್‌ಕಾಮ್ ಆದರೆ ಸ್ವಲ್ಪ ತಾಳ್ಮೆ ಇರಲಿ. ಅಂತರ್ಜಾಲವೇ ಇಲ್ಲದೆ ಸಿಕ್ಕಿಹಾಕಿಕೊಂಡರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ ಒತ್ತಿ; ಲಿನಕ್ಸ್ ಅದನ್ನು ತಕ್ಷಣ ಗುರುತಿಸುತ್ತದೆ, ಬೇಕಾದ ಕಡತ ಇಳಿಸಿಕೊಳ್ಳಬಹುದು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಕಾರ್ಡ್ ಬೆರಳುದ್ದದ ಬಿಡಿ ತುಂಡು. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಬೇರೆಯದು ಕೊಂಡು ಒಂದು ತಿರುಪು ಬಿಚ್ಚಿ ಬದಲಿಸಬಹುದು. ಒಂದು ಎಚ್ಚರಿಕೆ: ಇಂಟೆಲ್‌ನ ಎಎಕ್ಸ್ 201, 211 ಕಾರ್ಡ್‌ಗಳು ಅದಕ್ಕೆಂದೇ ರೂಪಿಸಿದ ಇಂಟೆಲ್ ಯಂತ್ರಗಳಲ್ಲಷ್ಟೇ ನಡೆಯುತ್ತವೆ. ಎಎಂಡಿ ಲ್ಯಾಪ್‌ಟಾಪಿಗೆ ಬೇಕಿದ್ದರೆ ಎಎಕ್ಸ್ 210 ಎಂದೇ ಕೇಳಿ ತನ್ನಿ. ಅಂಗಡಿಯವರಿಗೆ ಈ ಒಂದಂಕಿಯ ವ್ಯತ್ಯಾಸ ಗೊತ್ತಿರಬೇಕೆಂದೇನಿಲ್ಲ. ಇನ್ನು ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಕಡೆ ಈ ಕಾರ್ಡನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕೊಳ್ಳುವ ಮೊದಲೇ ಅದನ್ನು ವಿಚಾರಿಸಿ.

ಗ್ರಾಫಿಕ್ಸ್‌ನದು ಇನ್ನೂ ಕಹಿ ಕಥೆ. 2012ರ ಜೂನ್‌ನಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತಿದ್ದ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್, ಎನ್ವಿಡಿಯಾ ಹೆಸರೆತ್ತಿ ಕ್ಯಾಮೆರಾದತ್ತ ಮಧ್ಯದ ಬೆರಳು ತೋರಿಸಿದ್ದು ಜಗತ್ತೆಲ್ಲ ನೋಡಿದ ದೃಶ್ಯ. ಅವರ ಸಿಟ್ಟಿಗೆ ಹಿನ್ನೆಲೆ ಇತ್ತು. ಆ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್: ಬ್ಯಾಟರಿ ಉಳಿಸಲು ಇಂಟೆಲ್‌ನದು, ಭಾರಿ ಕೆಲಸಕ್ಕೆ ಎನ್ವಿಡಿಯಾದ್ದು. 2010ರಲ್ಲಿ ಎನ್ವಿಡಿಯಾ ಇದಕ್ಕೆ ಆಪ್ಟಿಮಸ್ ಎಂದು ಹೆಸರಿಟ್ಟಿತು; ಲಿನಕ್ಸ್‌ಗೆ ಮಾತ್ರ ಆಗ ಏನೂ ಕೊಡಲಿಲ್ಲ. ಕೊರತೆ ತುಂಬಲು ಹುಟ್ಟಿದ ಬಂಬಲ್‌ಬೀ ಎಂಬ ಸ್ವಯಂಸೇವಕರ ಯೋಜನೆ, 2011ರಲ್ಲಿ ಒಂದೇ ಒಂದು ಖಾಲಿ ಜಾಗದಿಂದ ಇತಿಹಾಸ ಸೇರಿತು. ಅದರ ಅನುಸ್ಥಾಪನಾ ಕೋಡ್‌ನಲ್ಲಿ, ಅಳಿಸಬೇಕಾದ ಕಡತದ ವಿಳಾಸದ ನಡುವೆ ಹೆಚ್ಚುವರಿ ಸ್ಪೇಸ್ ಬಿದ್ದು, ಒಂದು ಕಡತದ ಬದಲು ಬಳಕೆದಾರರ ಸಿಸ್ಟಂನ ದೊಡ್ಡ ಭಾಗವೇ ಅಳಿಸಿಹೋಗುತ್ತಿತ್ತು. ಅಕ್ಷರ ಜೋಡಿಸುವವರಿಗೆ ಸ್ಪೇಸ್‌ನ ಮಹಿಮೆ ಗೊತ್ತೇ ಇದೆ. ಇಲ್ಲಿ ಅದರ ಬೆಲೆ ಸ್ವಲ್ಪ ಜಾಸ್ತಿಯಾಯಿತು.

ಎನ್ವಿಡಿಯಾ ಚಿಪ್‌ಗಳನ್ನು ಬಿಡಿಸಿ ನೋಡಿ ಬರೆದ ನೂವೋ ಎಂಬ ಮುಕ್ತ ಡ್ರೈವರ್ ಇತ್ತು, ಈಗಲೂ ಇದೆ. ಆದರೆ 2014ರ ಹೊತ್ತಿಗೆ ಬಂದ ಚಿಪ್‌ಗಳಲ್ಲಿ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ ಇಲ್ಲದೆ ವೇಗ ಏರಿಸಲಾಗದಂತೆ ಬೀಗ ಬಿತ್ತು. ಚಿಪ್ ಓಡುತ್ತದೆ, ಆದರೆ ಮೊದಲ ಗೇರಿನಲ್ಲೇ. ಎದುರಾಳಿ ಎಎಂಡಿ ಬೇರೆ ಹಾದಿ ಹಿಡಿಯಿತು. ಎಟಿಐಯನ್ನು ಕೊಂಡ ಮರುವರ್ಷ, 2007ರಲ್ಲಿ, ಗ್ರಾಫಿಕ್ಸ್ ಚಿಪ್‌ಗಳ ದಾಖಲೆಗಳನ್ನು ಬಿಡುಗಡೆ ಮಾಡಲು ಶುರುಮಾಡಿತು. 2015ರಿಂದ ಅದರ ಈಗಿನ ಮುಕ್ತ ಡ್ರೈವರ್ ಕರ್ನಲ್ ಒಳಗೇ ಇದೆ. ಲಿನಕ್ಸ್‌ಗೆಂದೇ ಲ್ಯಾಪ್‌ಟಾಪ್ ಕೊಳ್ಳುವವರು ಎಎಂಡಿ ಅಥವಾ ಇಂಟೆಲ್ ಗ್ರಾಫಿಕ್ಸ್ ಸಾಕು ಎನ್ನುವುದು ಈ ಕಾರಣಕ್ಕೆ. ಎನ್ವಿಡಿಯಾ 2022ರ ಮೇ ತಿಂಗಳಲ್ಲಿ ಮೆತ್ತಗಾಯಿತು. ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಮುಕ್ತಗೊಳಿಸಿತು, ಅದೂ 2018ರ ಟ್ಯೂರಿಂಗ್ ತಲೆಮಾರು ಮತ್ತು ಅದರಿಂದೀಚಿನ ಚಿಪ್‌ಗಳಿಗೆ ಮಾತ್ರ. ಮೇಲಿನ ಪದರ ಈಗಲೂ ಮುಚ್ಚಿದ್ದೇ. ಟ್ಯೂರಿಂಗ್‌ಗಿಂತ ಹಳೆಯ ಎನ್ವಿಡಿಯಾ ಇರುವ ಲ್ಯಾಪ್‌ಟಾಪ್ ನಿಮ್ಮದಾದರೆ, ಅದರ ಪಾಡಿಗೆ ಅದನ್ನು ಬಿಟ್ಟು ಇಂಟೆಲ್ ಗ್ರಾಫಿಕ್ಸ್‌ನಲ್ಲೇ ಕೆಲಸ ಮಾಡಿಕೊಳ್ಳುವುದು ನೆಮ್ಮದಿ. ಪತ್ರ ಬರೆಯಲು, ಸಿನಿಮಾ ನೋಡಲು ಅದಕ್ಕಿಂತ ಹೆಚ್ಚೇನೂ ಬೇಡ.

ಜನ ಲಿನಕ್ಸ್ ಹಾಕಿ ಎರಡನೇ ದಿನಕ್ಕೆ ದೂರುವುದು ನಿದ್ರೆಯ ಬಗ್ಗೆ. ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿ, ಮನೆಗೆ ಬಂದು ನೋಡಿದರೆ ಚೀಲವೇ ಬಿಸಿ, ಬ್ಯಾಟರಿ ಖಾಲಿ. ಇದರಲ್ಲಿ ಲಿನಕ್ಸ್‌ನ ತಪ್ಪು ಅರ್ಧದಷ್ಟೇ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಎಂಬ ಗಾಢನಿದ್ರೆ ಇತ್ತು. ಮೆಮೊರಿಗೆ ಮಾತ್ರ ತುಸು ವಿದ್ಯುತ್, ಉಳಿದದ್ದೆಲ್ಲ ಬಂದ್. ಫೋನಿನಂತೆ ಮಲಗಿದ್ದಾಗಲೂ ಮೇಲ್ ಬರಲಿ ಎಂದು ಮೈಕ್ರೋಸಾಫ್ಟ್ ಮಾಡರ್ನ್ ಸ್ಟ್ಯಾಂಡ್‌ಬೈ ತಂದ ಮೇಲೆ ಅನೇಕ ತಯಾರಕರು ಎಸ್3 ಅನ್ನು ಕಿತ್ತೇ ಹಾಕಿದರು. ಈಗಿನದು ಅರೆನಿದ್ರೆ. ಒಳಗಿನ ಯಾವುದೋ ಒಂದು ಬಿಡಿಭಾಗ ಮಲಗಲು ಒಪ್ಪದಿದ್ದರೂ ಇಡೀ ಪ್ರೊಸೆಸರ್ ಎಚ್ಚರವಾಗಿರುತ್ತದೆ. ವಿಂಡೋಸ್ ಬಳಕೆದಾರರೂ ಇದೇ ಬಿಸಿ ಚೀಲದ ಕಥೆ ಹೇಳುತ್ತಾರೆ, ಅವರಿಗೆ ಬೈಯಲು ಬೇರೆ ಹೆಸರಿದೆ. ಕೆಲ ಯಂತ್ರಗಳ ಬಯಾಸ್‌ನಲ್ಲಿ, ಅಂದರೆ ಫರ್ಮ್‌ವೇರ್ ಸೆಟ್ಟಿಂಗ್‌ಗಳಲ್ಲಿ, ‘ಲಿನಕ್ಸ್ ನಿದ್ರೆ’ ಎಂಬ ಆಯ್ಕೆ ಇರುತ್ತದೆ, ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಪ್ರಯಾಣಕ್ಕೆ ಮುನ್ನ ಪೂರ್ತಿ ಆಫ್ ಮಾಡುವುದೇ ಲೇಸು.

ಕೀಬೋರ್ಡ್, ಮೌಸ್, ಎಸ್‌ಎಸ್‌ಡಿ, ಪೆನ್‌ಡ್ರೈವ್ ಇವುಗಳ ಬಗ್ಗೆ ಬರೆಯಲು ಏನೂ ಇಲ್ಲ, ನಡೆಯುತ್ತವೆ. ಏಕೆಂದರೆ ಇವಕ್ಕೆಲ್ಲ ಕಂಪನಿ ಮೀರಿದ ಒಪ್ಪಿತ ಮಾನದಂಡಗಳಿವೆ. ಕ್ಯಾಮೆರಾ ಕೂಡ ಇದೇ ಸಾಲಿನಲ್ಲಿತ್ತು. ಯುಎಸ್‌ಬಿ ವಿಡಿಯೊ ಮಾನದಂಡ ಪಾಲಿಸುವ ವೆಬ್‌ಕ್ಯಾಮ್ ಯಾವುದೇ ಇರಲಿ, ಒಂದೇ ಡ್ರೈವರ್ ಸಾಕಿತ್ತು. ನಂತರ ಇಂಟೆಲ್‌ನ ಕೆಲವು ಹೊಸ ಪ್ರೊಸೆಸರ್‌ಗಳ ದುಬಾರಿ ಲ್ಯಾಪ್‌ಟಾಪ್‌ಗಳು ಫೋನಿನ ಮಾದರಿಯ ಸಂವೇದಕವನ್ನು ನೇರ ಪ್ರೊಸೆಸರಿಗೇ ಜೋಡಿಸತೊಡಗಿದವು. ಚಿತ್ರ ಸಂಸ್ಕರಿಸುವ ಗುಟ್ಟೆಲ್ಲ ಮುಚ್ಚಿದ ತಂತ್ರಾಂಶದಲ್ಲಿ. ಫಲವಾಗಿ ಲಕ್ಷ ರೂಪಾಯಿಯ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಕರೆಗೆ ಕಪ್ಪು ಚೌಕ, ಹಳೆಯ ಅಗ್ಗದ ಯಂತ್ರದಲ್ಲಿ ನಗುಮುಖ! ಇದರ ಮೂಲ ಡ್ರೈವರ್ ಕರ್ನಲ್ ಸೇರಿದ್ದು 2024ರಲ್ಲಷ್ಟೇ. ಬೆರಳಚ್ಚು ಓದುವ ಯಂತ್ರದ್ದು ಇನ್ನೂ ಅದೃಷ್ಟದ ಆಟ. ಕೆಲವು ನಡೆಯುತ್ತವೆ, ಕೆಲವು ಎಂದೂ ನಡೆಯಲಾರವು. ಅದಿಲ್ಲದೆಯೂ ಪಾಸ್‌ವರ್ಡ್ ಟೈಪ್ ಮಾಡಿ ಬದುಕಬಹುದು.

ಹೊಸ ಲ್ಯಾಪ್‌ಟಾಪಿಗಿಂತ ಎರಡು ಮೂರು ವರ್ಷ ಹಳೆಯದು ಲಿನಕ್ಸ್‌ಗೆ ಹೆಚ್ಚು ಒಗ್ಗುತ್ತದೆ ಎಂಬ ವಿಚಿತ್ರ ಇಲ್ಲಿಂದಲೇ ಹುಟ್ಟುವುದು. ಚಿಪ್ ಮಾರುಕಟ್ಟೆಗೆ ಬಂದು, ಯಾರೋ ಕೊಂಡು, ತೊಂದರೆ ವರದಿ ಮಾಡಿ, ಡ್ರೈವರ್ ತಿದ್ದಿ, ಅದು ಕರ್ನಲ್ ಸೇರಿ, ಆ ಕರ್ನಲ್ ನಿಮ್ಮ ಉಬುಂಟುವಿಗೋ ಡೆಬಿಯನ್‌ಗೋ ಇಳಿದು ಬರುವಷ್ಟರಲ್ಲಿ ಕಾಲ ಸರಿದಿರುತ್ತದೆ. ನಿನ್ನೆ ಬಂದ ಮಾದರಿ ಕೊಂಡವರು ಫೆಡೋರಾದಂತೆ ಬೇಗ ಬೇಗ ಹೊಸ ಕರ್ನಲ್ ತರುವ ಹಂಚಿಕೆ ಆರಿಸಿಕೊಳ್ಳಬೇಕು. ತೀರಾ ಹಳೆಯ ಯಂತ್ರಕ್ಕೂ ಮಿತಿಯಿದೆ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಅನುಸ್ಥಾಪನಾ ಡಿಸ್ಕ್ ಇಲ್ಲ.

ಕೈಪಿಡಿಯೇ ಇಲ್ಲದೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಆಸಾಹಿ ಲಿನಕ್ಸ್ ಬೆರಗಿನ ಉದಾಹರಣೆ. ಆ್ಯಪಲ್ 2020ರ ನವೆಂಬರಿನಲ್ಲಿ ತನ್ನದೇ ಎಂ1 ಚಿಪ್‌ನ ಮ್ಯಾಕ್‌ಗಳನ್ನು ತಂದಿತು. ಬೇರೆ ಆಪರೇಟಿಂಗ್ ಸಿಸ್ಟಂ ಹಾಕಲು ಬಾಗಿಲು ಬಿಟ್ಟಿತ್ತು, ದಾಖಲೆ ಮಾತ್ರ ಒಂದು ಪುಟವೂ ಇಲ್ಲ. ಹೆಕ್ಟರ್ ಮಾರ್ಟಿನ್ ಎಂಬ ಪ್ರೋಗ್ರಾಮರ್ ಜನರಿಂದ ದೇಣಿಗೆ ಎತ್ತಿ ಕೆಲಸಕ್ಕೆ ಕೂತರು. 2022ರ ಮಾರ್ಚ್‌ಗೆ ಮೊದಲ ಆವೃತ್ತಿ ಬಂತು. ಅದೇ ವರ್ಷ ಜುಲೈ ಕೊನೆಗೆ ಲಿನಸ್ ಟೊರ್ವಾಲ್ಡ್ಸ್ ಸ್ವತಃ ಒಂದು ಆ್ಯಪಲ್ ಲ್ಯಾಪ್‌ಟಾಪಿನಿಂದ ಕರ್ನಲ್ 5.19 ಬಿಡುಗಡೆ ಮಾಡಿದರು. ಗ್ರಾಫಿಕ್ಸ್ ಡ್ರೈವರ್ ಬರೆದ ತಂಡದಲ್ಲಿ ಅಲಿಸಾ ರೋಸೆನ್‌ಝ್ವೈಗ್ ಪ್ರಮುಖರು. 2024ರ ಫೆಬ್ರವರಿಯಲ್ಲಿ ಆ ಡ್ರೈವರ್ ಓಪನ್‌ಜಿಎಲ್ 4.6ರ ಅಧಿಕೃತ ಮಾನ್ಯತೆ ಪಡೆಯಿತು. ಅದೇ ಚಿಪ್ ಮೇಲೆ ಆ್ಯಪಲ್‌ನ ಸ್ವಂತ ಸಿಸ್ಟಂ 4.1ಕ್ಕೇ ನಿಂತಿದೆ. ಮನೆಯವರಿಗಿಂತ ನೆಂಟರೇ ಮನೆಯನ್ನು ಚೆನ್ನಾಗಿ ತಿಳಿದಂತಾಯಿತು. ಆದರೆ ಇಂಥ ಕೆಲಸ ಕೆಲವೇ ಜನರ ಹೆಗಲ ಮೇಲೆ ನಿಂತಿರುತ್ತದೆ. ಮಾರ್ಟಿನ್ 2025ರ ಫೆಬ್ರವರಿಯಲ್ಲಿ ಬಳಲಿ ಯೋಜನೆಯ ನಾಯಕತ್ವ ಬಿಟ್ಟರು.

ಅಪಾಯವೇ ಇಲ್ಲವೆಂದರೆ ಸುಳ್ಳಾದೀತು. 2013ರಲ್ಲಿ ಕೆಲವು ಸ್ಯಾಮ್ಸಂಗ್ ಲ್ಯಾಪ್‌ಟಾಪ್‌ಗಳು ಲಿನಕ್ಸ್ ಹಾಕಿದೊಡನೆ ಇಟ್ಟಿಗೆಯಂತಾದವು. ಮೂಲದೋಷ ಫರ್ಮ್‌ವೇರ್‌ನದೆಂದೂ ವಿಂಡೋಸ್‌ನಿಂದಲೂ ಅದನ್ನು ಕೆಣಕಬಹುದೆಂದೂ ಆಮೇಲೆ ಗೊತ್ತಾಯಿತು. 2017ರ ಡಿಸೆಂಬರಿನಲ್ಲಿ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ಕೆಡಿಸುತ್ತದೆಂದು ಉಬುಂಟು 17.10ರ ಡೆಸ್ಕ್‌ಟಾಪ್ ಡಿಸ್ಕ್ ಅನ್ನು ತಾತ್ಕಾಲಿಕವಾಗಿ ಹಿಂದೆಗೆದುಕೊಳ್ಳಬೇಕಾಯಿತು. ಇಂಥವು ಅಪರೂಪ. ಆದರೂ ಮುಖ್ಯ ಕಡತಗಳ ನಕಲು ಬೇರೆ ಡಿಸ್ಕ್‌ನಲ್ಲಿ ಇಡದೆ ಯಾವ ಸಿಸ್ಟಂ ಹಾಕುವುದೂ ಬೇಡ.

ಹಾಕುವ ಮುನ್ನ ಪರೀಕ್ಷೆ ಸುಲಭ. ಲಿನಕ್ಸ್ ಅನ್ನು ಪೆನ್‌ಡ್ರೈವಿಗೆ ಬರೆದು ಅದರಿಂದಲೇ ಯಂತ್ರ ಎಬ್ಬಿಸಿ. ನೀವು ‘ಇನ್‌ಸ್ಟಾಲ್’ ಒತ್ತುವವರೆಗೆ ಒಳಗಿನ ಡಿಸ್ಕ್‌ಗೆ ಕೈ ಹಚ್ಚುವುದಿಲ್ಲ. ವೈಫೈಗೆ ಸೇರಿ, ಹಾಡು ಕೇಳಿ, ಕ್ಯಾಮೆರಾ ತೆರೆಯಿರಿ, ಬೆಳಕಿನ ಗುಂಡಿ ಒತ್ತಿ, ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಎಳೆಯಿರಿ, ಮುಚ್ಚಳ ಮುಚ್ಚಿ ತೆರೆಯಿರಿ. ಒಳಗಿನ ಡಿಸ್ಕೇ ಕಾಣದಿದ್ದರೆ ಗಾಬರಿ ಬೇಡ. ಬಯಾಸ್‌ನಲ್ಲಿ ಅದನ್ನು ಇಂಟೆಲ್‌ನ ರೇಡ್ ವಿಧಾನಕ್ಕೆ ಇಟ್ಟಿರುತ್ತಾರೆ, ಎಎಚ್‌ಸಿಐಗೆ ಬದಲಿಸಿದರೆ ಕಾಣುತ್ತದೆ. ವಿಂಡೋಸನ್ನೂ ಜೊತೆಗೆ ಉಳಿಸಿಕೊಳ್ಳುವವರು ಈ ಬದಲಾವಣೆಗೆ ಮೊದಲು ಅದನ್ನು ಸಿದ್ಧಗೊಳಿಸಬೇಕು, ಇಲ್ಲದಿದ್ದರೆ ಅದು ಏಳುವುದಿಲ್ಲ.

ಕನ್ನಡದವರಿಗೆ ಇನ್ನೊಂದು ಮಾತು. ಯಂತ್ರ ಒಗ್ಗಿದ ಮೇಲೆ ನಮ್ಮಲ್ಲಿ ಹಲವರು ಎಡವುವುದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ವಿಷಯದಲ್ಲಿ. ವಿಂಡೋಸ್‌ಗೆಂದು ಮಾಡಿದ ಆ ತಂತ್ರಾಂಶ ಇಲ್ಲಿ ಬರುವುದಿಲ್ಲ, ಹಳೆಯ ಆಸ್ಕಿ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಆದರೆ ಬೆರಳಿಗೆ ರೂಢಿಯಾದ ಕಗಪ ಕೀಲಿಮಣೆ ಬಹುತೇಕ ಎಲ್ಲ ಲಿನಕ್ಸ್ ಹಂಚಿಕೆಗಳಲ್ಲಿ ಮೊದಲಿನಿಂದಲೇ ಇದೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಆರಿಸಿದರೆ ಕಗಪ ಎಂಬ ಹೆಸರಿನಲ್ಲೇ ಕಾಣಿಸುತ್ತದೆ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ.

ಒಂದು ಕೋರಿಕೆಯೂ ಇದೆ. ನಿಮ್ಮ ಯಂತ್ರದಲ್ಲಿ ಲಿನಕ್ಸ್ ನಡೆದರೂ ನಡೆಯದಿದ್ದರೂ ಎಚ್‌ಡಬ್ಲ್ಯು-ಪ್ರೋಬ್ ಎಂಬ ಪುಟ್ಟ ತಂತ್ರಾಂಶ ಓಡಿಸಿ, ಯಾವ ಚಿಪ್ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬ ವರದಿಯನ್ನು ಸಾರ್ವಜನಿಕ ಹಾರ್ಡ್‌ವೇರ್ ದಾಖಲೆಗೆ ಸೇರಿಸಿ. ಅದೇ ಮಾದರಿಯ ಲ್ಯಾಪ್‌ಟಾಪ್ ಕೊಳ್ಳಲು ಹೊರಟ ಇನ್ನೊಬ್ಬರು ಹಣ ಕೊಡುವ ಮೊದಲು ಅದನ್ನು ಓದುತ್ತಾರೆ.